ಬೆಳ್ಳಗಾದ ಪುಡಿ

ಗೋಡೆಯ ಮೇಲೆ ಬಿದ್ದ ಬೆಳಕು ಹಳದಿಯಾಗಿದೆ, ಪ್ರೊಜೆಕ್ಟರಿನ ದೀಪಕ್ಕೂ ನನ್ನ ಹಾಗೆ ವಯಸ್ಸಾಗಿರಬೇಕು, ಬಿಳಿ ಎಂದು ಹಾಕಿದ್ದೆಲ್ಲ ಹಳದಿಯಾಗಿಯೇ ಕಾಣುತ್ತದೆ — ಬೆಳಗಿನಿಂದ ಈ ಬಣ್ಣ ನನ್ನ ಬೆನ್ನು ಬಿಟ್ಟಿಲ್ಲ — ಮೇಜಿನ ಆ ತುದಿಯಲ್ಲಿ ನಿರ್ದೇಶಕರು ಕನ್ನಡಕ ಒರೆಸಿಕೊಳ್ಳುತ್ತಿದ್ದಾರೆ, ಅವರ ಪಕ್ಕದಲ್ಲಿ ಜೀವಶಾಸ್ತ್ರದವನು, ನಾವು ಮಾಡಿ ಕೊಟ್ಟಿದ್ದನ್ನೆಲ್ಲ ರಕ್ತಕ್ಕೆ ಬೆರೆಸಿ ಮಲೇರಿಯಾ ರೋಗಾಣು ಸಾಯುತ್ತದೋ ಇಲ್ಲವೋ ಎಂದು ನೋಡುವವನು, ಬಿಸ್ಕತ್ತಿನ ತಟ್ಟೆಯನ್ನು ಮೆತ್ತಗೆ ತನ್ನ ಕಡೆಗೇ ಎಳೆದುಕೊಂಡಿದ್ದಾನೆ, ನನ್ನ ಎದುರಿಗೆ ನನ್ನ ಹುಡುಗಿ, ನನ್ನ ಕೈಕೆಳಗೆ ಪಿಎಚ್‌ಡಿ ಮಾಡುತ್ತಿರುವವಳು, ಅವಳ ಕಡೆ ನಾನು ನೋಡುವುದಿಲ್ಲ, ಗೋಡೆ ನೋಡುತ್ತೇನೆ, ಗೋಡೆಯ ಮೇಲೆ ನನ್ನ ಅಣುವಿನ ಚಿತ್ರವಿದೆ, ಇದನ್ನು ಪ್ರಾಣಿಗಳ ಪರೀಕ್ಷೆಗೆ ಕಳಿಸಬೇಕೋ ಬೇಡವೋ ಎಂದು ಇವತ್ತು ತೀರ್ಮಾನವಾಗಬೇಕು. ತಲೆಗೂದಲು ಕಪ್ಪಾಗಿದ್ದಾಗ ಹಿಡಿದ ಅಣು ಇದು, ಮೊದಲ ಸಲ ನಾನೇ ಕೈಯಾರೆ ಮಾಡಿದ್ದು, ಆಗ ಒಂದು ರೋಗಾಣುವೂ ಬದುಕಿರಲಿಲ್ಲ, ಮೇಡಂ ಕೈಗುಣ ಅಂದ್ರೆ ಕೈಗುಣ ಅಂತ ಇಡೀ ಕಟ್ಟಡವೇ ಹೊಗಳಿತ್ತು, ನಾನು ಉಬ್ಬಿಹೋಗಿದ್ದೆ, ಪುಡಿ ಒಂಚೂರು ಹಳದಿ ಇತ್ತು, ಇರಲಿ ಬಿಡು, ಕೆಲವಕ್ಕೆ ಹುಟ್ಟುಬಣ್ಣವೇ ಹಾಗೆ ಅಂದುಕೊಂಡೆ, ಅಲ್ಲಿಂದ ಇಲ್ಲಿಯವರೆಗೆ ಇದೊಂದರದ್ದೇ ಜಪ, ಮನೆಯಲ್ಲಿ ಯಜಮಾನರು ಊಟಕ್ಕೆ ಕೂತಾಗಲೆಲ್ಲ ರೇಗಿಸುತ್ತಾರೆ, ನಿನ್ನ ಮಾತ್ರೆ ಅಂಗಡಿಗೆ ಬರೋ ಹೊತ್ತಿಗೆ ಸೊಳ್ಳೆಗಳಿಗೇ ಬೇಜಾರಾಗಿ ಕಚ್ಚೋದು ಬಿಟ್ಟಿರ್ತವೆ ಬಿಡು, ಮೊದಮೊದಲು ನಗು ಬರುತ್ತಿತ್ತು.

ಬೆಳಿಗ್ಗೆ ಅವಳು ಐಸ್ ತುಂಬುವ ಯಂತ್ರದ ಹತ್ತಿರ ನನ್ನನ್ನು ತಡೆದಳು, ಮೇಡಂ ಒಂದ್ನಿಮಿಷ, ಅಂಗೈಯಲ್ಲಿ ಎರಡು ಪುಟ್ಟ ಸೀಸೆ, ಮುಖದಲ್ಲಿ ಹಿಡಿಸಲಾರದಷ್ಟು ಖುಷಿ — ನೋಡಿ ಮೇಡಂ, ಇದು ಪೂರ್ತಿ ಶುದ್ಧ ಮಾಡಿದ್ದು, ಎಷ್ಟು ಬೆಳ್ಳಗಿದೆ ಅಲ್ವಾ, ಇದಕ್ಕೆ ಒಂದು ರೋಗಾಣುನೂ ಸಾಯ್ತಿಲ್ಲ, ಮತ್ತೆ ಈ ಹಳದಿದು, ಶುದ್ಧ ಮಾಡೋವಾಗ ಕೊನೇಲಿ ಇಳಿಯುತ್ತಲ್ಲ, ಕೊಳೆ ಅಂತ ಎಲ್ಲರೂ ಚೆಲ್ಲಿಬಿಡ್ತೀವಲ್ಲ, ಅದನ್ನ ಹಿಡಿದಿಟ್ಟು ಟೆಸ್ಟಿಗೆ ಕೊಟ್ಟೆ, ಚಿಟಿಕೆಯಷ್ಟೂ ಬೇಡ ಮೇಡಂ, ಎಲ್ಲಾ ಸತ್ತೇ ಹೋಗ್ತವೆ, ಇಷ್ಟು ವರ್ಷ ಕೆಲಸ ಮಾಡಿದ್ದು ಇದು, ನಮ್ಮ ಅಣು ಅಲ್ಲವೇ ಅಲ್ಲ — ನಮ್ಮ ಅಣು ಅಂದಳು ಪುಣ್ಯಾತ್ಗಿತ್ತಿ, ನಿಮ್ಮ ಅಣು ಅನ್ನಲಿಲ್ಲ. ನಾನೂ ಕುಣಿಯುತ್ತೇನೆ ಅಂದುಕೊಂಡಿದ್ದಳು. ಕುಣಿಯಬೇಕಿತ್ತು, ನಿಜವಾದ ಔಷಧ ಸಿಕ್ಕಿತ್ತು, ಅಂಗೈ ಮೇಲೇ ಇತ್ತು, ನನಗೆ ಕಂಡದ್ದು ಮಾತ್ರ ಬೇರೆ, ನನ್ನ ಹೆಸರಿನ ಪ್ರಬಂಧಗಳೆಲ್ಲ ಒಂದು ಕೊಳೆಯ ಮೇಲೆ ನಿಂತಿವೆ, ಆ ಕೊಳೆಯನ್ನು ಔಷಧ ಎಂದು ಗುರುತಿಸಿದ್ದು ನಾನಲ್ಲ, ನಿನ್ನೆ ಮೊನ್ನೆ ಬಂದವಳು — ಬಾಯಿ ತಾನಾಗಿ ತೆರೆದುಕೊಂಡಿತು, ನಿನ್ನ ಕೈ ಸರಿಯಿಲ್ಲ ಕಣೆ, ಬಿಸಿ ಜಾಸ್ತಿ ಮಾಡಿ ಅಣುನೇ ಕೆಡಿಸಿಟ್ಟಿದೀಯ, ಕೆಟ್ಟಿದ್ದನ್ನ ಹಿಡ್ಕೊಂಡು ಬಂದು ನನಗೆ ಪಾಠ ಹೇಳ್ತೀಯಾ, ಹೇಳುವಾಗಲೇ ಗೊತ್ತಿತ್ತು ಸುಳ್ಳು ಎಂದು, ಅಷ್ಟು ಬೆಳ್ಳಗಿನ ಪುಡಿ ಕೆಟ್ಟ ಕೈಯಿಂದ ಬರುವುದಿಲ್ಲ, ಆಗಲೇ ನೋಡಿದೆ ಆ ಕೈಯನ್ನು, ಗ್ಲೌಸಿನೊಳಗೆ ಬೆವೆತು ಬೆವೆತು ತುದಿಬೆರಳ ಚರ್ಮವೆಲ್ಲ ಸುಲಿದು ಕೆಂಪಗಾಗಿತ್ತು, ಆ ಕೈಯಿಂದಲೇ ಎರಡೂ ಸೀಸೆ ಕಿತ್ತುಕೊಂಡು ಕೋಟಿನ ಜೇಬಿಗೆ ಹಾಕಿಕೊಂಡೆ. ಛೆ. ನಾಚಿಕೆ ಎಂದರೆ ಮುಖ ಕೆಂಪಾಗುವುದು ಅಂದುಕೊಂಡಿದ್ದೆ, ಅಲ್ಲ, ಎದುರಿಗಿಟ್ಟ ಟೀ ಮುಟ್ಟದೆ, ಜೇಬಿನ ಸೀಸೆಗಳು ಒಂದಕ್ಕೊಂದು ತಾಗದಂತೆ ಒತ್ತಿ ಹಿಡಿದು ಕೂತಿದ್ದೇನೆ.

ಬಣ್ಣ ಕಂಡರೆ ಬಿಡಬೇಡಿ, ಯಾಕೆ ಬಂತು ಅಂತ ಕೇಳಿ, ಸುಮ್ಮಸುಮ್ಮನೆ ಬರೋಲ್ಲ ಅದು — ಮೊದಲ ದಿನ ಬಂದ ಪ್ರತಿ ವಿದ್ಯಾರ್ಥಿಗೂ ಹೇಳುತ್ತೇನೆ, ಬಾಯಿಪಾಠವಾಗಿದೆ, ಇವಳಿಗೂ ಹೇಳಿದ್ದೆ, ಇವಳೊಬ್ಬಳು ಕೇಳಿಸಿಕೊಂಡಿದ್ದಾಳೆ, ನಾನೇ ಕೇಳಿಸಿಕೊಂಡಿರಲಿಲ್ಲ. ಇನ್ನೊಂದು ಬಾಯಿಪಾಠ ಅಮ್ಮನ ಚಳಿಜ್ವರ, ಸನ್ಮಾನ ಮಾಡಿದಾಗಲೆಲ್ಲ ಹೇಳುವುದು, ಮನೆಯಲ್ಲಿದ್ದ ಹೊದಿಕೆಯೆಲ್ಲ ಹೊದಿಸಿದರೂ ಅಮ್ಮನ ನಡುಕ ನಿಲ್ಲದೆ ಅಪ್ಪ ನನ್ನನ್ನೇ ಮೇಲೆ ಕೂರಿಸಿದ್ದರು, ಗಟ್ಟಿಯಾಗಿ ಕೂತ್ಕೋ ಮಗಳೇ, ಅಮ್ಮನ್ನ ಹಿಡ್ಕೋ, ಮಂಚ ಗಡಗಡ, ಮಂಚದ ಜೊತೆ ನಾನೂ ಗಡಗಡ, ಆ ದಿನವೇ ಈ ರೋಗಕ್ಕೆ ಔಷಧ ಹುಡುಕಬೇಕು ಅಂತ ಮನಸ್ಸು ಮಾಡಿದೆ ಎನ್ನುತ್ತೇನೆ, ಜನ ಕಣ್ಣೊರೆಸಿಕೊಳ್ಳುತ್ತಾರೆ, ನಾನು ಆ ದಿನ ಮಾಡಿದ್ದು ಅದಲ್ಲ, ಕುದುರೆ ಸವಾರಿ ಸಿಕ್ಕಿತೆಂದು ಕೇಕೆ ಹಾಕಿ ನಕ್ಕಿದ್ದೆ, ಅಮ್ಮನ ಹಲ್ಲು ಕಟಕಟ ಎನ್ನುತ್ತಿತ್ತು, ನಾನು ನಗುತ್ತಿದ್ದೆ, ಈಗಲೂ ಎಲ್ಲೋ ಯಾರದೋ ಮಂಚ ಹಾಗೇ ನಡುಗುತ್ತಿರುತ್ತದೆ, ಅವರಿಗೆ ಬೇಕಾದ ಮದ್ದು ನನ್ನ ಜೇಬಿನಲ್ಲಿದೆ.

ಒಂದು ಅನುಮಾನ ಸಾರ್, ಜೀವಶಾಸ್ತ್ರದವನು ಬಾಯಿ ಒರೆಸಿಕೊಂಡ, ಹೊಸದಾಗಿ ಮಾಡಿ ಕಳಿಸಿದ ಪುಡಿ ಕೆಲಸ ಮಾಡ್ಲಿಲ್ಲ, ಹಳೇದು ಮಾಡುತ್ತೆ, ಅದ್ಯಾಕೆ ಅಂತ ಗೊತ್ತಾದ್ರೆ ಒಳ್ಳೇದಿತ್ತು — ಹಳದಿಯ ವಿಷಯ ಅವನಿಗೆ ಗೊತ್ತಿಲ್ಲ, ಅವಳು ಟೆಸ್ಟಿಗೆ ಕೊಟ್ಟ ಸೀಸೆಯ ಮೇಲಿದ್ದದ್ದು ಬರೀ ಒಂದು ನಂಬರು — ಹೊಸದನ್ನ ಮಾಡಿದ್ದು ಯಾರು, ನಿರ್ದೇಶಕರು ಕೇಳುತ್ತಾರೆ, ಅವಳು ಎದ್ದು ನಿಂತಳು, ನನ್ನ ಕಡೆ ನೋಡಿದಳು, ಗುರುಗಳು ಮೊದಲು ಮಾತಾಡಲಿ ಎಂದು ಜಾಗ ಬಿಟ್ಟುಕೊಟ್ಟಳು, ಅಷ್ಟು ದೊಡ್ಡ ಜಾಗ, ಈಗ ಹೇಳು, ಜೇಬಿಗೆ ಕೈ ಹಾಕು, ಎರಡು ಸೀಸೆ ತೆಗೆದು ಮೇಜಿನ ಮೇಲಿಡು, ತಪ್ಪು ನಂದು ಸಾರ್, ಈ ಹುಡುಗಿ ಹಿಡಿದಿದ್ದಾಳೆ ಅನ್ನು, ಎಷ್ಟು ಮಾತು ಮಹಾ, ನಾನು ಟೀ ಲೋಟ ಎತ್ತಿ ತುಟಿಗಿಟ್ಟುಕೊಂಡೆ. ನಾನೇ ಸಾರ್, ಅಂದಳು, ಬಿಸಿ ಜಾಸ್ತಿ ಆಗಿ ಕೆಟ್ಟಿದೆ, ಬೆಳಿಗ್ಗೆನೇ ಮೇಡಂ ಹೇಳಿದ್ರು, ನನ್ನ ಕೈ ಸರಿಯಿಲ್ಲ — ಚುಚ್ಚಿ ಹೇಳಿದ್ದಿದ್ದರೆ ಬದುಕಿಕೊಳ್ಳುತ್ತಿದ್ದೆ, ಚುಚ್ಚಲಿಲ್ಲ, ಅವಳು ನಂಬಿದ್ದಾಳೆ, ತನ್ನ ಕಣ್ಣಾರೆ ಕಂಡದ್ದನ್ನು ಬಿಟ್ಟು ನನ್ನನ್ನು ನಂಬಿದ್ದಾಳೆ. ನಿರ್ದೇಶಕರು ನಕ್ಕರು, ಮೇಡಂ ಹತ್ರ ಇದ್ದೀರಲ್ಲ, ಕಲೀತೀರಿ ಬಿಡಿ, ಏನ್ ಮೇಡಂ, ಕಲೀತಾರೆ ಅಲ್ವಾ? ಹ್ಞೂಂ ಸಾರ್, ಕಲೀತಾಳೆ — ಅದು ನನ್ನ ಧ್ವನಿ, ಎಷ್ಟು ಮೃದು, ಎಷ್ಟು ದೊಡ್ಡತನ ಅದರಲ್ಲಿ — ಹಾಗಾದ್ರೆ ಪ್ರಾಣಿಗಳ ಪರೀಕ್ಷೆಗೆ ಕಳಿಸೋಣ, ಅಂದರು ನಿರ್ದೇಶಕರು, ಎಲ್ಲರೂ ಒಪ್ಪಿದರು, ಕುರ್ಚಿಗಳು ಸರಿದವು, ಯಾರೋ ನನ್ನ ಕೈ ಕುಲುಕಿದರು, ಅವಳು ಮಾತ್ರ ಮತ್ತೆ ಕೂತವಳು ಎದ್ದಿಲ್ಲ, ಎರಡೂ ಕೈ ಮೇಜಿನ ಮೇಲಿಟ್ಟು ನೋಡಿಕೊಳ್ಳುತ್ತಿದ್ದಾಳೆ, ಬೆರಳು ಬಿಡಿಸುತ್ತಾಳೆ, ಮಡಚುತ್ತಾಳೆ, ಸುಲಿದ ತುದಿಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಾಳೆ, ಎಲ್ಲಿ ಸರಿಯಿಲ್ಲ ಎಂದು ಹುಡುಕುತ್ತಿದ್ದಾಳೆ, ಅಂಗೈ ಮೇಲೆ ಮಾಡಿ ನೋಡುತ್ತಾಳೆ, ತಿರುಗಿಸುತ್ತಾಳೆ, ಮತ್ತೆ ಅಂಗೈ, ಮತ್ತೆ ತಿರುಗಿಸಿ —