ಮುಚ್ಚುವ ಹೊತ್ತಿನ ಹಾಡು

ಲಕ್ವ ಹೊಡೆದ ಮೇಲೆ ಮಾವನ ಬಾಯಿಯ ಬಲಭಾಗ ಅವನ ಮಾತು ಕೇಳುವುದನ್ನೇ ಬಿಟ್ಟಿತ್ತು. ನೀರು ಕುಡಿದರೆ ಅರ್ಧ ಅಂಗಿಗೆ ಹೋಗುತ್ತಿತ್ತು. ವರ್ಷಗಟ್ಟಲೆ ಒಂದು ದೊಡ್ಡ ಹೋಟೆಲಿನ ಊಟದ ಹಾಲಿನಲ್ಲಿ ಸಂಜೆಯಾದರೆ ಸ್ಯಾಕ್ಸೋಫೋನು ಊದಿದ್ದ ಬಾಯಿ ಅದು. ಈಗ ಬೆಂಕಿಕಡ್ಡಿ ಆರಿಸಲು ಹೋದರೂ ಉಸಿರು ಜೋತುಬಿದ್ದ ತುಟಿಯ ಸಂದಿಯಿಂದ ಪಕ್ಕಕ್ಕೆ ನುಸುಳಿಬಿಡುತ್ತಿತ್ತು. ವಾದ್ಯ ಅವನ ಮಂಚದ ಕೆಳಗೆ ಕಪ್ಪು ಪೆಟ್ಟಿಗೆಯಲ್ಲಿತ್ತು.

ಇನ್ನೊಂದು ಸಲ ಹೊಡೆದರೆ ಕಷ್ಟ ಎಂದು ಡಾಕ್ಟರು ಅಮ್ಮನನ್ನು ಹೊರಗೆ ಕರೆದು ಹೇಳಿದ್ದರು. ಹೇಳಿದ್ದು ಹೊರಗೇ ಆದರೂ ಮಾವನಿಗೆ ತಿಳಿಯದೆ ಇರಲಿಲ್ಲ. ಅಕ್ಕನ ಮುಖ ಓದುವುದನ್ನು ಅವನು ಚಿಕ್ಕಂದಿನಿಂದಲೂ ಬಲ್ಲ. ಆ ದಿನವೇ ಅವನು ಅಕ್ಕನ ಮಗಳನ್ನು ಹತ್ತಿರ ಕೂರಿಸಿಕೊಂಡು, ಒಂದೊಂದೇ ಮಾತನ್ನು ಜೋಡಿಸುತ್ತ, ಮುಚ್ಚುವ ಹೊತ್ತಿನ ಹಾಡನ್ನು ಒಂದು ಸಲ ಕೇಳಬೇಕು ಅಂದ.

ಅದು ಅವನೇ ಕಟ್ಟಿದ ಹಾಡು. ಊಟದ ಹಾಲಿನಲ್ಲಿ ಕೊನೆಯ ಗಿರಾಕಿಗಳು ಇನ್ನೂ ಕೂತಿರುವಾಗ ಅವನು ಅದನ್ನು ಎತ್ತಿಕೊಂಡನೆಂದರೆ ಮಾಣಿಗಳು ಮೇಜು ಒರೆಸಲು ಬಟ್ಟೆ ತೆಗೆಯುತ್ತಿದ್ದರು. ಹಾಡಿಗೆ ಮಾತಿರಲಿಲ್ಲ, ಸ್ವರ ಬರೆದಿಟ್ಟಿರಲಿಲ್ಲ. ಅಮ್ಮ ಯಾವತ್ತೋ ಫೋನಿನಲ್ಲಿ ಹಿಡಿದಿಟ್ಟಿದ್ದ ಒಂದೇ ಒಂದು ರೆಕಾರ್ಡಿಂಗ್ ಇತ್ತು. ಅದನ್ನು ಹಾಕಲು ಹೋದರೆ ಮಾವ ಕೈ ಅಡ್ಡ ಹಿಡಿದ.

“ಅದು ಬೇಡ. ಸತ್ತೋರ ಧ್ವನಿ ಕೇಳಿದ ಹಾಗಾಗುತ್ತೆ. ಇದರಲ್ಲೇ ಬರಬೇಕು,” ಎಂದು ಮಂಚದ ಕೆಳಗೆ ತೋರಿಸಿದ. “ನೀನು ಊದೇ, ಮುಚ್ಚಳಾ.”

ಮುಚ್ಚಳ ಅವನಿಟ್ಟ ಹೆಸರು. ನೆಂಟರ ಮನೆಗೆ ಹೋದರೆ ಬಾಗಿಲ ಹಿಂದೆ ನಿಲ್ಲುವವಳು, ಕೇಳಿದ್ದಕ್ಕೆ ತಲೆಯಾಡಿಸಿಯೇ ಮುಗಿಸುವವಳು, ಬಾಯಿ ಬಿಗಿದುಕೊಂಡ ಡಬ್ಬಿ. ಇಂಥವಳಿಗೆ ಊರಿಗೆಲ್ಲ ಕೇಳುವ ವಾದ್ಯವೇ? ಅವಳಿಗೆ ನಗು ಬರಬೇಕಿತ್ತು. ಬರಲಿಲ್ಲ. ಹೂಂ ಅಂದಳು.

ಅವಳು ಕೆಲಸ ಮಾಡುತ್ತಿದ್ದುದು ಕನ್ನಡಕದ ಅಂಗಡಿಯಲ್ಲಿ. ಬಂದ ಗಾಜನ್ನು ಫ್ರೇಮಿನ ಅಳತೆಗೆ ಉಜ್ಜಿ ಕೂರಿಸುವುದು ಅವಳ ಪಾಲಿನ ಕೆಲಸ. ಗಾಜಿನ ನಡುಬಿಂದು ಕೂದಲೆಳೆಯಷ್ಟು ಸರಿದರೂ ಹಾಕಿಕೊಂಡವರಿಗೆ ತಲೆ ಸುತ್ತುತ್ತದೆ. ಹಾಗಾಗಿ ಅವಳು ಕಣ್ಣನ್ನು ನಂಬುತ್ತಿರಲಿಲ್ಲ, ಯಂತ್ರದ ಗೆರೆಯನ್ನು ನಂಬುತ್ತಿದ್ದಳು. ಸಂಗೀತಕ್ಕೂ ಅಂಥದೇ ಒಂದು ಸಿಕ್ಕಿತು: ಫೋನಿನಲ್ಲಿ ಅಭ್ಯಾಸ ಮಾಡಿಸುವ ಆ್ಯಪ್. ಊದಿದ ಸ್ವರ ಸರಿಯಿದ್ದರೆ ಹಸಿರು ಪಟ್ಟಿ, ತಪ್ಪಿದರೆ ಕೆಂಪು. ಗದರುವುದಿಲ್ಲ, ನಗುವುದಿಲ್ಲ, ಯಾರಿಗೂ ಹೇಳುವುದಿಲ್ಲ. ನಾಚಿಕೆಯವಳಿಗೆ ಇದಕ್ಕಿಂತ ಒಳ್ಳೆಯ ಮೇಷ್ಟರು ಎಲ್ಲಿ ಸಿಗಬೇಕು?

ಮಾವನ ಕಿವಿಗೆ ಮೊದಲೇ ಬೀಳಬಾರದೆಂದು ಅಂಗಡಿ ಮುಚ್ಚಿದ ಮೇಲೆ ಹಿಂದಿನ ಕೋಣೆಯಲ್ಲಿ ಅಭ್ಯಾಸಕ್ಕೆ ನಿಂತಳು. ಮೊದಮೊದಲು ವಾದ್ಯ ಒದರಿತು, ಕಿರುಚಿತು, ಕೆಲವು ದಿನ ಬರೀ ಗಾಳಿ ಬಿಟ್ಟಿತು. ಕೆಳಗಿನ ಸ್ವರಕ್ಕೆ ಇಳಿದಾಗ ಶೆಲ್ಫಿನಲ್ಲಿದ್ದ ಖಾಲಿ ಕನ್ನಡಕದ ಡಬ್ಬಿಗಳು ಗಡಗಡ ಅಂದವು. ಪಕ್ಕದ ದರ್ಜಿ ಇಣುಕಿ, ಕರುವೇನಾದರೂ ಕಟ್ಟಿದ್ದೀರಾ, ಪಾಪ, ತಾಯಿ ಹತ್ತಿರ ಬಿಡಿ ಎಂದು ಹೇಳಿ ಹೋದ. ಅವಳು ಕಿವಿಯ ತನಕ ಕೆಂಪಾದಳು, ಮರುದಿನ ಮತ್ತೆ ನಿಂತಳು. ಕೆಳದುಟಿಯ ಒಳಗೆ ಹಲ್ಲಿನ ಗುರುತು ಬಿದ್ದು ಹುಣ್ಣಾಯಿತು. ಬಿಸಿ ಕುಡಿದಾಗೆಲ್ಲ ಚುರ್ ಅನ್ನುತ್ತಿತ್ತು.

ಬೆರಳು ಒಂದಿಷ್ಟು ಪಳಗಿದ ಮೇಲೆ ಅಮ್ಮನ ರೆಕಾರ್ಡಿಂಗನ್ನು ಆ್ಯಪಿಗೆ ಹಾಕಿದಳು. ಅದು ತಟ್ಟೆ ಚಮಚದ ಸದ್ದು, ಜನರ ಮಾತು, ಹಿಂದೆಲ್ಲೋ ಟಣ್ ಟಣ್ ಅನ್ನುತ್ತಿದ್ದುದು ಎಲ್ಲವನ್ನೂ ಸೋಸಿ ತೆಗೆದು, ಮಾವನ ಸ್ಯಾಕ್ಸೋಫೋನೊಂದನ್ನೇ ಉಳಿಸಿಕೊಟ್ಟಿತು. ಆಮೇಲೆ ಅದರಲ್ಲೇ ಕೆಂಪು ತೋರಿಸಿತು. ಸಾಲು ಮುಗಿಯುವ ಕಡೆಯಲ್ಲೆಲ್ಲ ಮಾವ ತಡಮಾಡಿದ್ದ. ಒಂದು ಕಡೆ ಸ್ವಲ್ಪ, ಇನ್ನೊಂದು ಕಡೆ ಉಸಿರು ಕಟ್ಟುವಷ್ಟು. ಲಯದ ತಪ್ಪುಗಳನ್ನು ಸರಿಪಡಿಸಲೇ ಎಂದು ಆ್ಯಪ್ ಕೇಳಿತು.

ಪಾಪ, ಆ ಸಂಜೆ ಮಾವನಿಗೆ ದಣಿವಾಗಿರಬೇಕು, ದಿನವಿಡೀ ನಿಂತ ಕಾಲು. ಬಿದ್ದವರ ಅಂಗಿಯ ಧೂಳು ಕೊಡವಿದಷ್ಟೇ ಮಮತೆಯಿಂದ ‘ಹೌದು’ ಒತ್ತಿದಳು.

ಸರಿಯಾದ ಹಾಡನ್ನು ನಿಧಾನಕ್ಕಿಟ್ಟು, ತುಂಡು ತುಂಡು ಮಾಡಿ, ತಿಂಗಳುಗಟ್ಟಲೆ ಊದಿದಳು. ಕೆಂಪು ಕಮ್ಮಿಯಾಗುತ್ತ ಬಂತು. ಕೊನೆಗೊಂದು ಸಂಜೆ ಪರದೆ ಈ ತುದಿಯಿಂದ ಆ ತುದಿಗೆ ಹಸಿರಾದಾಗ ಅವಳು ಗೋಡೆಗೊರಗಿ, ಅಳುವೋ ನಗುವೋ ತಿಳಿಯದೆ, ಬಾಯಿ ಮುಚ್ಚಿಕೊಂಡಳು.

ಭಾನುವಾರ ಮಧ್ಯಾಹ್ನ ಅಮ್ಮ ತಮ್ಮನ ಬೆನ್ನಿಗೆ ಎರಡು ದಿಂಬು ಕೊಟ್ಟು ಎತ್ತಿ ಕೂರಿಸಿದಳು. ತಲೆ ಬಾಚಿ, ಒಗೆದ ಅಂಗಿ ಹಾಕಿದಳು. “ಏನಕ್ಕ, ಹೆಣ್ಣು ನೋಡೋಕೆ ಹೋಗ್ತಿದ್ದೀವಾ?” ಎಂದು ಅವನು ತೊದಲಿದ. “ಹೆಣ್ಣೇ ಇಲ್ಲಿಗೆ ಬರ್ತಾಳೆ, ಸುಮ್ನೆ ಕೂತ್ಕೋ,” ಎಂದಳು ಅಮ್ಮ.

ಮಗಳು ವಾದ್ಯದ ಪಟ್ಟಿಯನ್ನು ಕೊರಳಿಗೆ ಹಾಕಿಕೊಂಡು, ಕಿಟಕಿಯ ಕಡೆ ಅರ್ಧ ತಿರುಗಿ ನಿಂತು ಊದಿದಳು. ಒಂದು ಸ್ವರವೂ ಒಡೆಯಲಿಲ್ಲ. ಮಾವ ಕಣ್ಣು ಮುಚ್ಚಿ ಕೇಳಿದ. ಮುಗಿದ ಮೇಲೆ ಅಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು.

“ಚೆನ್ನಾಗಿದೆ,” ಎಂದ ಮಾವ. “ಯಾರ್ದು?”

ತಮಾಷೆ ಇರಬೇಕೆಂದು ಅವಳು ಕಾದಳು. ಅವನ ಮುಖದಲ್ಲಿ ತಮಾಷೆ ಇರಲಿಲ್ಲ.

“ನಿಂದೇ ಮಾವ. ಮುಚ್ಚೋ ಹೊತ್ತಿಂದು.”

“ಓ,” ಎಂದ. “ಹೌದು ಹೌದು.”

ದಾರಿಯಲ್ಲಿ ಯಾರೋ ಗುರುತು ಹಿಡಿದು ಮಾತಾಡಿಸಿದಾಗ, ಇವರು ಯಾರೆಂದು ನೆನಪಾಗದೆ ಮರ್ಯಾದೆಗೆ ನಗುತ್ತೇವಲ್ಲ, ಹಾಗಿತ್ತು ಆ ಹೌದು. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳೇನೋ. ಗಡಿಬಿಡಿಯಲ್ಲಿ ಫೋನು ತೆಗೆದು ಹಸಿರು ಪಟ್ಟಿ ತೋರಿಸಿದಳು. ಒಂದೂ ತಪ್ಪಿಲ್ಲ ನೋಡು, ನೀನು ಅಲ್ಲಲ್ಲಿ ತಡ ಮಾಡಿದ್ದೆ, ಅದನ್ನೂ ಸರಿ ಮಾಡಿದೆ ಎಂದಳು. ಒಂದೇ ಉಸಿರಿಗೆ ಅವಳು ಅಷ್ಟು ಮಾತಾಡಿದ್ದು ಆ ಮನೆಯಲ್ಲಿ ಅದೇ ಮೊದಲು.

ಮಾವ ಪಟ್ಟಿಯನ್ನು ಬಹಳ ಹೊತ್ತು ನೋಡಿದ. ಬಾಯಿಯ ಎಡಗಡೆ ಮಾತ್ರ ನಕ್ಕಿತು.

“ತಡ ಅಲ್ವೇ, ಮುಚ್ಚಳಾ. ಕಾಯ್ತಿದ್ದೆ.”

ಆಮೇಲೆ, ನಡುನಡುವೆ ಅಮ್ಮ ಬಾಯಿ ಒರೆಸುತ್ತಿರಲು, ಅವನು ಹೇಳಿದ್ದಿಷ್ಟು. ಹೋಟೆಲಿನಲ್ಲಿ ಅವನ ಜೊತೆ ಪಿಯಾನೋ ನುಡಿಸುತ್ತಿದ್ದ ಹೆಂಗಸೊಬ್ಬರಿದ್ದರು. ಹಗಲು ಶಾಲೆಯಲ್ಲಿ ಪಾಠ ಹೇಳುತ್ತಿದ್ದುದರಿಂದ ಎಲ್ಲರಿಗೂ ಅವರು ಟೀಚರಮ್ಮ. ಅವರ ಬೆರಳಿನ ಗಂಟುಗಳು ಬಾತುಕೊಂಡು ಬಿಗಿಯತೊಡಗಿದವು. ಬೇಗಬೇಗ ನುಡಿಸುವ ಹಾಡುಗಳನ್ನು ಹೇಗೋ ಮೊದಲೇ ಮುಗಿಸಿಕೊಳ್ಳುತ್ತಿದ್ದರು. ಸಂಜೆ ಕಳೆಯುವಷ್ಟರಲ್ಲಿ ಬೆರಳು ಕಟ್ಟಿಗೆಯಾಗಿರುತ್ತಿತ್ತು. ಮ್ಯಾನೇಜರಿನ ಕಣ್ಣಿಗೆ ಬಿದ್ದರೆ ಮರುದಿನವೇ ಬೇರೆಯವರು ಬಂದು ಕೂರುತ್ತಿದ್ದರು. ಅದಕ್ಕೇ ಮಾವ ಆ ಹಾಡನ್ನು ನಿಂತು ನಿಂತು ಹೋಗುವಂತೆ ಕಟ್ಟಿದ. ಸಾಲು ಮುಗಿಸಿ ಅವರ ಕೈ ನೋಡುತ್ತಿದ್ದ. ಅವರ ಬೆರಳು ಪಿಯಾನೋದ ಮೇಲೆ ಇಳಿದಾಗಲೇ ಮುಂದಿನ ಸಾಲು.

“ನಾನು ಮುಂದೆ ಹೋಗಿದ್ರೆ ಅವ್ರು ಹಿಂದೆ ಬಿದ್ದಿದ್ದು ಎಲ್ರಿಗೂ ಕಾಣ್ತಿತ್ತು,” ಎಂದ.

ಸೋಸಿ ತೆಗೆದ ಟಣ್ ಟಣ್ ಸದ್ದು ಏನೆಂದು ಅವಳಿಗೆ ಆಗ ತಿಳಿಯಿತು. ಅಮ್ಮ ಬೆರಗಾಗಿ, ನಾವೆಲ್ಲ ಅದನ್ನ ನಿನ್ನ ಸ್ಟೈಲು ಅಂದ್ಕೊಂಡಿದ್ವಲ್ಲೋ ಎಂದಳು. ಟೀಚರಮ್ಮ ಹೋಗಿ ಎಷ್ಟೋ ಕಾಲವಾಗಿತ್ತು. ಹೋಗುವ ತನಕ ಅವರನ್ನು ಆ ಕುರ್ಚಿಯಿಂದ ಯಾರೂ ಎಬ್ಬಿಸಿರಲಿಲ್ಲ.

ಅವಳು ಮತ್ತೆ ವಾದ್ಯ ಎತ್ತಿದಳು. ಮೊದಲ ಸಾಲು ಊದಿ ನಿಂತಳು. ಸಾಲದು ಎಂಬಂತೆ ಮಾವ ತಲೆಯಾಡಿಸಿದ. ಮತ್ತೆ ಊದಿ ಇನ್ನಷ್ಟು ನಿಂತಳು; ಈಗ ಹೆಚ್ಚಾಯಿತು, ಹಾಡು ಕೈತಪ್ಪಿತು.

“ಎಷ್ಟು ಹೊತ್ತು ಕಾಯ್ಬೇಕು ಮಾವ?”

“ದಿನಾ ಒಂದೊಂದು ಥರ. ಬೆರಳು ಹೇಗಿರುತ್ತೋ ಹಾಗೆ.”

ಹಳೆಯ ರೆಕಾರ್ಡಿಂಗನ್ನು ಅಳೆದು ನೋಡಲೇ ಎಂದು ಅವಳು ಕೇಳಲಿಲ್ಲ. ಅದರಲ್ಲಿ ಇದ್ದದ್ದು ಒಂದು ಸಂಜೆಯ ಬೆರಳು ಮಾತ್ರ. ಮಾವನೇ ಒಂದು ದಾರಿ ಹುಡುಕಿದ. ಆಡುವ ಎಡಗೈಯನ್ನು ಹೊದಿಕೆಯ ಮೇಲೆ ಎತ್ತಿ ಹಿಡಿದ, ತಾನು ಕೈ ಇಳಿಸಿದಾಗ ಮುಂದೆ ಹೋಗು ಎಂದು ಸನ್ನೆ ಮಾಡಿದ. ಅವಳು ಸಾಲು ಮುಗಿಸಿ ಅವನ ಕೈ ನೋಡಿದಳು. ಕೈ ಇಳಿಯಿತು, ಊದಿದಳು. ಎರಡನೆಯ ಸಾಲು ಮುಗಿಯಿತು. ಕೈ ಮೇಲೆಯೇ ಉಳಿಯಿತು. ಅವನು ಎಲ್ಲೋ ನೋಡುತ್ತಿದ್ದ, ಏನನ್ನೋ ಹುಡುಕುತ್ತಿದ್ದ. ಕೈ ಸಣ್ಣಗೆ ಅದುರತೊಡಗಿತು. ಅಮ್ಮ ಎದ್ದು ಬಂದು ಅದನ್ನು ಮೆಲ್ಲನೆ ಹಿಡಿದು ಕೆಳಗಿಟ್ಟಳು.

“ಬಿಡೇ,” ಎಂದ ಮಾವ. “ಅದು ಅಲ್ಲಿಗೇ ಮುಗೀತು.”

ಹಸಿರಿಗಾಗಿ ಅವಳು ಕಳೆದ ಅಷ್ಟೂ ಸಂಜೆ ಅವನು ಇದೇ ಕೋಣೆಯಲ್ಲಿ ಒಬ್ಬನೇ ಗೋಡೆ ನೋಡುತ್ತ ಕೂತಿದ್ದ. ಅವನ ಮುಂದೆ ತಪ್ಪು ತಪ್ಪಾಗಿ ಊದಿದ್ದರೆ ಮೊದಲ ದಿನವೇ ಹೇಳುತ್ತಿದ್ದ. ಆಗ ಅವನ ನೆನಪು ಇನ್ನೂ ಗಟ್ಟಿ ಇತ್ತು.

ವಾದ್ಯವನ್ನು ಕೊರಳಿಂದ ತೆಗೆಯಹೋದಾಗ ಅವನು ತಡೆದ. ಬೆರಳು ತೋರಿಸಿ, ಕಿರುಬೆರಳನ್ನು ಯಾಕೆ ಹಾಗೆ ಎತ್ತಿ ಹಿಡಿಯುತ್ತೀಯ, ಯಾರು ಹೇಳಿಕೊಟ್ಟಿದ್ದು ಎಂದು ಕೇಳಿದ. ಯಾರೂ ಇಲ್ಲ ಎಂದಳು. ಫೋನಿಗೆ ಬೆರಳು ಕಾಣುತ್ತಿರಲಿಲ್ಲ.

“ಹಾಡು ಬೇಡ. ಒಂದೇ ಸ್ವರ ಊದು. ಉದ್ದಕ್ಕೆ.”

ಊದಿದಳು. ಕಿರುಬೆರಳು ಇಳಿಸಿದಳು. ಕಣ್ಣು ತುಂಬಿ ತುಟಿಯ ಬಿಗಿ ಸಡಿಲವಾಯಿತು.

“ನಡುಗ್ತಿದೆ,” ಎಂದ ಮಾವ.

“ಗೊತ್ತು ಮಾವ.”

“ಇನ್ನೊಂದ್ಸಲ.”

ಅವಳು ಅಂಗೈಯಿಂದ ಮುಖ ಒರೆಸಿಕೊಂಡು ಮತ್ತೆ ಉಸಿರೆಳೆದುಕೊಂಡಳು.