ಕೆಳಗೆ ನೋಡುವ ಗೊಂಬೆಗಳು

ನಾನು ಚಪ್ಪಲಿ ಅಂಗಡಿಯಲ್ಲಿ ಕೆಲಸ ಮಾಡುವವಳು. ಬಾಗಿಲು ದಾಟಿ ಬಂದ ಗಿರಾಕಿ ಕೊಳ್ಳುವವರೋ, ಬಿಸಿಲಿಗೆ ಹೆದರಿ ಒಳಗೆ ನುಗ್ಗಿದವರೋ ಎಂದು ಮುಖ ನೋಡಿಯೇ ಹೇಳಬಲ್ಲೆ. ಅಂಗಡಿಯ ಆನ್‌ಲೈನ್ ಪುಟಕ್ಕೆ ಫೋಟೋ ತೆಗೆದು, ವಿವರ ಬರೆದು ಹಾಕುವುದೂ ನನ್ನದೇ ಕೆಲಸ. ಹಾಗಾಗಿ ಅತ್ತೆಯ ಕೈಗೊಂಬೆಗಳನ್ನು ಆನ್‌ಲೈನಿನಲ್ಲಿ ಮಾರೋಣ ಎಂಬ ಮಾತು ಮನೆಯಲ್ಲಿ ಎದ್ದಾಗ, ಅದೇನು ಮಹಾ, ನನಗೆ ಬಿಡಿ ಎಂದು ಎದೆ ತಟ್ಟಿಕೊಂಡವಳೂ ನಾನೇ.

ಅತ್ತೆ ಅರ್ಧ ಆಯುಷ್ಯ ಗೊಂಬೆಯಾಟ ಆಡಿಸಿಕೊಂಡು ಬಂದವರು. ಶಾಲೆಯ ಹಾಲಿನಲ್ಲಿ, ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ, ಎಲ್ಲಿ ಕರೆದರೆ ಅಲ್ಲಿ ಎರಡು ಕೋಲು ನೆಟ್ಟು ಪರದೆ ಕಟ್ಟಿ, ಅದರ ಹಿಂದೆ ನಿಂತು, ಗೊಂಬೆ ತೊಟ್ಟ ಎರಡೂ ಕೈಗಳನ್ನು ತಲೆಯ ಮೇಲಕ್ಕೆ ಎತ್ತಿ ಆಡಿಸುತ್ತಿದ್ದರು. ಮಕ್ಕಳು ನೆಲದ ಮೇಲೆ ಕುಳಿತು ನೋಡುತ್ತಿದ್ದವು. ಆಮೇಲೆ ಬಲಭುಜ ಹಿಡಿದುಕೊಂಡಿತು. ಡಾಕ್ಟರು ಏನೇನೋ ವ್ಯಾಯಾಮ ಹೇಳಿಕೊಟ್ಟರು, ಅತ್ತೆ ಮಾಡಿದಷ್ಟು ದಿನ ಮಾಡಿದರು, ಆದರೂ ಕೈ ಕಿವಿಯಿಂದ ಮೇಲಕ್ಕೆ ಏಳಲಿಲ್ಲ. ಆಟ ನಿಂತಿತು. ಹೊಲಿಗೆಗೆ ಮಾತ್ರ ಭುಜದ ತಕರಾರಿರಲಿಲ್ಲ. ಹೀಗಾಗಿ ಬೇರೆಯವರು ಆಡಿಸಲಿ ಎಂದು ಗೊಂಬೆ ಮಾಡತೊಡಗಿದರು. ಉದ್ದಮೂಗಿನ ತಾತ, ಜಗಳಗಂಟಿ ಟೀಚರು, ಹೊಟ್ಟೆಬಾಕ ಪೊಲೀಸು, ಎರಡು ಜಡೆಯ ಸುಳ್ಳುಬುರುಕಿ. ಹಿಂದಿನ ಕೋಣೆಯ ಶೆಲ್ಫಿನಲ್ಲಿ ಒಂದು ಸಂಸಾರವೇ ಕುಳಿತಿತ್ತು.

ನಾನು ನನಗೆ ಗೊತ್ತಿದ್ದ ವಿದ್ಯೆಯನ್ನೆಲ್ಲ ಪ್ರಯೋಗಿಸಿದೆ. ಕಿಟಕಿಯ ಪಕ್ಕ ಬಿಳಿ ಕಾಗದ ಹಾಸಿ, ಗೊಂಬೆಯನ್ನು ಅದರ ಮೇಲೆ ನೀಟಾಗಿ ಮಲಗಿಸಿ, ಸ್ಟೂಲು ಹತ್ತಿ ಮೇಲಿನಿಂದ ಫೋಟೋ ತೆಗೆದೆ. ನೆರಳಿಲ್ಲ, ಮಸುಕಿಲ್ಲ, ಒಂದೊಂದು ಹೊಲಿಗೆಯೂ ಎಣಿಸುವ ಹಾಗಿತ್ತು. ಕೆಳಗೆ ಬರೆದೆ: ಅಪ್ಪಟ ಹತ್ತಿ ಬಟ್ಟೆ, ಗಟ್ಟಿ ಹೊಲಿಗೆ, ಒಗೆದರೆ ಬಣ್ಣ ಬಿಡುವುದಿಲ್ಲ, ಕೈಗೆ ಹಿತ.

ನನ್ನ ಗಂಡ ಅದನ್ನು ಓದಿ, "ಸೈಜ್ ಏಳು, ಎಂಟೂ ಸಿಗುತ್ತಾ?" ಎಂದರು.

"ನಿಮ್ಮ ಬಾಯಿಗೆ ಬೀಗ ಹಾಕಕ್ಕೆ ಯಾವ ಸೈಜ್ ಬೇಕು ಹೇಳಿ, ಅದನ್ನೂ ತರಿಸ್ತೀನಿ" ಎಂದೆ.

ಆದರೆ ಒಂದು ಗೊಂಬೆಯೂ ಹೋಗಲಿಲ್ಲ. ನೋಡಿದವರು ಬಹಳ, ಕೊಂಡವರು ಯಾರೂ ಇಲ್ಲ. ಬಂದದ್ದು ಕೆಲವು ಮಾತುಗಳು ಮಾತ್ರ. 'ಕೆಲಸ ಚೆನ್ನಾಗಿದೆ, ಆದರೆ ಯಾಕೆ ಎಲ್ಲಕ್ಕೂ ನಿದ್ದೆಗಣ್ಣು?' ಎಂದು ಒಬ್ಬರು. 'ತಾತನಿಗೆ ಹುಷಾರಿಲ್ಲವೇ?' ಎಂದು ಇನ್ನೊಬ್ಬರು. ಮತ್ತೊಬ್ಬಾಕೆ ಹಲ್ಲು ಕಿರಿಯುವ ಮೂರು ಮುಖ ಹಾಕಿ, 'ಇವನ್ನು ನೋಡಿದರೆ ನನ್ನ ಮಕ್ಕಳು ಅಳುತ್ತಾರೆ' ಎಂದು ಬರೆದಿದ್ದಳು. ಪಿತ್ತ ನೆತ್ತಿಗೇರಿತು. ಅವಳ ಮಕ್ಕಳು ಯಾತಕ್ಕೆ ಅಳುತ್ತಾರೋ ನನಗೆ ಗೊತ್ತು ಎಂದು ಉತ್ತರ ಬರೆದು, ಗಿರಾಕಿ ದೊಡ್ಡವರು ಎಂದು ನುಂಗಿಕೊಂಡು ಅಳಿಸಿದೆ.

ಈ ಮಾತುಗಳನ್ನು ಅತ್ತೆಗೆ ಓದಿ ಹೇಳಬೇಡಿ ಎಂದು ಗಂಡನಿಗೆ ಹೇಳಿದ್ದೆ. ಅವರೋ, ಅಮ್ಮ ಕೇಳಿದರೆ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಕಕ್ಕುವ ಜಾತಿ.

ಅತ್ತೆ ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಸಮಾಧಾನವಿತ್ತು, ನಾನೂ ನಾಲ್ಕು ಮಾತು ಆಡುತ್ತಿದ್ದೆ. ಸುಮ್ಮನೆ ಕತ್ತರಿ, ದಾರ ಎಲ್ಲ ಡಬ್ಬಿಗೆ ಹಾಕಿದರು. "ರಜೆ ಮುಗಿದು ಶಾಲೆ ಶುರುವಾಗೋವರೆಗೆ ನೋಡ್ತೀನಿ ಕಣೇ. ಯಾರಿಗೂ ಬೇಡ ಅಂದ್ಮೇಲೆ ನಾನ್ಯಾಕೆ ಬಟ್ಟೆ ಹಾಳು ಮಾಡ್ಲಿ? ಆ ರೂಮು ಖಾಲಿ ಮಾಡಿಕೊಡ್ತೀನಿ, ನೀವು ಬೀರು ಇಟ್ಕೊಳ್ಳಿ" ಎಂದರು. ಅಂದಿನಿಂದ ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು ರಸ್ತೆಯಲ್ಲಿ ಹೋಗಿಬರುವ ಗಾಡಿಗಳ ಮೇಲೆ ತಪ್ಪು ಹುಡುಕುತ್ತ ಕೂತರು. ಮದುವೆಯಾಗಿ ಬಂದಾಗಿನಿಂದ ಈ ಹೆಂಗಸು ಖಾಲಿ ಕೈಯಲ್ಲಿ ಕೂತದ್ದನ್ನು ನಾನು ಕಂಡವಳಲ್ಲ. ಬೀರು ಯಾರಿಗೆ ಬೇಕಿತ್ತು? ನನಗೆ ನನ್ನ ಅತ್ತೆ ಬೇಕಿತ್ತು, ಕೈಯಲ್ಲಿ ಸೂಜಿ, ಬಾಯಲ್ಲಿ ದಾರ, ನನ್ನ ಅಡುಗೆಯ ಮೇಲೆ ಒಂದು ಕಣ್ಣು, ಹಾಗೆ.

ತಲೆ ಕೆರೆದುಕೊಂಡು ಯೋಚಿಸಿದೆ. ದೂರೆಲ್ಲ ಕಣ್ಣಿನ ಮೇಲೆ ತಾನೆ? ಹತ್ತಿರದಿಂದ ನೋಡಿದೆ. ಹೌದು, ಪ್ರತಿಯೊಂದು ಗೊಂಬೆಯ ಕಪ್ಪುಗುಡ್ಡೆಯೂ ಬಿಳಿಯ ನಡುವಿಗೆ ಇರದೆ ಕೆಳಗಂಚಿಗೆ ಇಳಿದಿತ್ತು.

"ಅತ್ತೆ, ಕಣ್ಣು ಯಾಕೆ ಇಷ್ಟು ಕೆಳಗೆ ಬರೆದಿದೀರಿ?"

"ನನಗೆ ಗೊಂಬೆಯಾಟ ಕಲಿಸಿದ ಮೇಷ್ಟ್ರು ಹಾಗೇ ಬರೀತಿದ್ರು. ನಾನೂ ಬರೆದೆ."

"ಯಾಕೆ ಅಂತ ಕೇಳ್ಲಿಲ್ವಾ?"

"ಅವರನ್ನ ಯಾಕೆ ಅಂತ ಕೇಳಿದ್ರೆ, ಕುಂಚ ಕಿತ್ಕೊಂಡು ಮನೆಗೆ ಹೋಗು ಅನ್ನೋರು. ನಿನ್ನ ಹಾಗೆ ನಾಲಿಗೆ ಉದ್ದ ಇದ್ದೋರಿಗೆ ಅಲ್ಲಿ ಜಾಗ ಇರ್ಲಿಲ್ಲ."

"ಕಣ್ಣು ನಡುವಿಗೆ ಬರೆದು ನೋಡೋಣ್ವಾ? ಒಂದೇ ಒಂದಕ್ಕೆ?"

ಅತ್ತೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಕುಂಚವನ್ನು ನನ್ನ ಕೈಗೇ ತುರುಕಿದರು. ನಾನೂ ಬಿಡುವವಳಲ್ಲ. ಹೊಟ್ಟೆಬಾಕ ಪೊಲೀಸಿನ ಹಳೆಯ ಕಣ್ಣಿಗೆ ಬಿಳಿ ಬಳಿದು, ಒಣಗಿಸಿ, ಸರಿಯಾಗಿ ನಡುವೆ ಎರಡು ಕಪ್ಪು ಚುಕ್ಕೆ ಇಟ್ಟೆ. ಅವನು ದೆವ್ವ ಕಂಡವನಂತೆ ಬೆಚ್ಚಿ ನಿಂತ. ಗಂಡ ಬಂದು ನೋಡಿ, "ಇವನು ಕಳ್ಳನ್ನ ಹಿಡಿಯೋನಲ್ಲ, ಕಳ್ಳನ ಕೈಗೆ ಸಿಕ್ಕಿಬಿದ್ದೋನು" ಎಂದರು. ಅತ್ತೆ ಕಿಟಕಿಯ ಕಡೆ ತಿರುಗಿಕೊಂಡರು. ಅವರ ಬೆನ್ನು ನಗುತ್ತಿತ್ತೋ ಅಳುತ್ತಿತ್ತೋ ನನಗೆ ತಿಳಿಯಲಿಲ್ಲ, ಕೇಳುವ ಧೈರ್ಯವೂ ಬರಲಿಲ್ಲ.

ಮುಂದಿನ ಭಾನುವಾರ, ಹೇಗೂ ಖಾಲಿ ಮಾಡಬೇಕಲ್ಲ ಎಂದು ಹಿಂದಿನ ಕೋಣೆ ಗುಡಿಸಲು ಹೋದೆ. ಅವಸರದಲ್ಲಿ ಮೊಣಕೈ ತಗುಲಿ ಗುಂಡಿಗಳ ಡಬ್ಬಿ ಉರುಳಿತು. ನೆಲದ ತುಂಬ ಗುಂಡಿ. ನನಗೆ ನಾನೇ ಬೈದುಕೊಳ್ಳುತ್ತ, ಕತ್ತರಿಸುವ ಮೇಜಿನ ಬುಡದಲ್ಲಿ ಕೂತು ಆರಿಸುತ್ತಿದ್ದೆ. ಗಂಡ ಹಿಂದಿನಿಂದ ಬಂದದ್ದು ಗೊತ್ತಾಗಲಿಲ್ಲ. ಕೀಟಲೆ ಮಾಡದಿದ್ದರೆ ಅವರಿಗೆ ಭಾನುವಾರ ಮುಗಿಯುವುದಿಲ್ಲ. ಉದ್ದಮೂಗಿನ ತಾತನನ್ನು ಕೈಗೆ ತೊಟ್ಟು, ಮೇಜಿನ ಆಚೆ ಬಗ್ಗಿ ಕೂತು, ಗೊಂಬೆಯನ್ನು ಮಾತ್ರ ಅಂಚಿನಿಂದ ಮೇಲೆತ್ತಿ ಕೆಮ್ಮಿದರು.

ನಾನು ತಲೆ ಎತ್ತಿದೆ. ತಾತ ನನ್ನನ್ನೇ ನೋಡುತ್ತಿದ್ದ. ನಿದ್ದೆಯೂ ಇಲ್ಲ, ಕಾಯಿಲೆಯೂ ಇಲ್ಲ. ಏನಮ್ಮಾ ಚೆಲ್ಲಿಕೊಂಡೆ ಎನ್ನುವ ತುಂಟ ನೋಟ, ನೆಟ್ಟಗೆ ನನ್ನ ಕಣ್ಣಿಗೇ.

"ಬೇಕು ಅಂತ ಚೆಲ್ಲಿಲ್ಲಪ್ಪ" ಎಂದುಬಿಟ್ಟೆ. ಬಟ್ಟೆಗೆ ಉತ್ತರ ಕೊಟ್ಟೆನೆಂದು ಅರಿವಾದದ್ದು ಆಮೇಲೆ.

ಗುಂಡಿಗಳನ್ನು ಅಲ್ಲೇ ಬಿಟ್ಟೆ. ಎದ್ದು ನಿಂತು ನೋಡಿದೆ: ತಾತ ತೂಕಡಿಸುತ್ತಿದ್ದ. ಮತ್ತೆ ಕೂತು ನೋಡಿದೆ: ಎಚ್ಚರವಾಗಿದ್ದ. ಗಂಡ ನನಗೆ ಬುದ್ಧಿ ಕೆಟ್ಟಿತೆಂದು ಹೆದರಿ ಕೈ ಇಳಿಸಲು ಹೊರಟರು, "ಇಳಿಸಿದ್ರೆ ನೋಡಿ" ಎಂದು ಗದರಿಸಿ ಎದ್ದು ಕೂತು ಮಾಡಿದೆ. ಈ ಗೊಂಬೆಗಳು ನೋಡುತ್ತಿದ್ದದ್ದು ನೆಲದ ಮೇಲೆ ಕೂತ ಮಕ್ಕಳನ್ನು. ನಾನು ಚಪ್ಪಲಿಯ ಹಾಗೆ ಅವನ್ನು ಮೇಲಿನಿಂದ ನೋಡಿದ್ದೆ! ಚಪ್ಪಲಿಯನ್ನು ಎಲ್ಲರೂ ಮೇಲಿನಿಂದಲೇ ನೋಡುವುದು, ಅದಕ್ಕೆ ಅದೇ ಚೆಂದ. ಗೊಂಬೆಗಲ್ಲ. ಈ ಅಂಗಡಿಬುದ್ಧಿಗೆ ಏನು ಹೇಳಲಿ, ನಗು ಬಂತು, ಸಿಟ್ಟೂ ಬಂತು.

ಅತ್ತೆಯನ್ನು ಕೂಗಿ ಕರೆದೆ. "ಫೋಟೋ ಮತ್ತೆ ತೆಗೀಬೇಕು. ನಿಮ್ಮ ಆಟದ ಪರದೆ ಕಟ್ಟೋಣ. ನಾನು ಹಿಂದೆ ನಿಂತು ಗೊಂಬೆ ಎತ್ತಿ ಹಿಡೀತೀನಿ. ನೀವು ನೆಲದ ಮೇಲೆ ಕೂತು ಫೋನ್ ಒತ್ತಿ."

"ನಾನು ನೆಲಕ್ಕೆ ಕೂತ್ರೆ ಎಬ್ಬಿಸೋಕೆ ಕ್ರೇನ್ ತರಿಸ್ಬೇಕು. ಅವನಿಗೆ ಹೇಳು."

ಅವನು, ಎಂದರೆ ನನ್ನ ಗಂಡ, ಆಗಲೇ ಕಾಲಿಗೆ ಬುದ್ಧಿ ಹೇಳಿದ್ದರು. ಬೇರೆ ದಾರಿಯಿಲ್ಲದೆ ಅತ್ತೆ ಗೊಣಗುತ್ತ, ಒಂದು ದಿಂಬು ಹಾಕಿಸಿಕೊಂಡು, ನನ್ನ ತೋಳು ಹಿಡಿದು ನೆಲಕ್ಕೆ ಇಳಿದರು. ಫೋನನ್ನು ಅವರ ಕೈಗೆ ಕೊಟ್ಟು, ಬಾಗಿಲಿಗೆ ಅಡ್ಡ ಕಟ್ಟಿದ ಪರದೆಯ ಹಿಂದೆ ಹೋಗಿ, ತಾತನನ್ನು ತೊಟ್ಟು ಕೈ ಎತ್ತಿದೆ.

ಅಲ್ಲಿಂದ ನನಗೆ ಏನೂ ಕಾಣುವಂತಿರಲಿಲ್ಲ. ಕಣ್ಣೆದುರು ಪರದೆ, ತಲೆ ಎತ್ತಿದರೆ ತಾತನ ಬೋಳುತಲೆಯ ಹಿಂಭಾಗ, ಅದರ ಹೊಲಿಗೆ. ಆಚೆ ಫೋನಿನ ಸದ್ದು ಕೇಳಲೆಂದು ಕಾದೆ. ಕೇಳಲಿಲ್ಲ.

"ಅತ್ತೆ, ಒತ್ತಿದ್ರಾ?"

ಫೋನು ಹಾಳಾಯಿತೋ, ಅತ್ತೆ ಹಾಳಾದರೋ ಎಂದು ಜೀವ ಬಾಯಿಗೆ ಬಂತು. ಏನಾದರಾಗಲಿ ಎಂದು ತಾತನ ತಲೆಯನ್ನು ನಿಧಾನ ಒಂದು ಪಕ್ಕಕ್ಕೆ ವಾಲಿಸಿದೆ. ಆಗ ಆಚೆಯಿಂದ ಅತ್ತೆಯ ದನಿ ಬಂತು, ಸಣ್ಣದಾಗಿ. ನನಗೆ ಹೇಳಿದ್ದಲ್ಲ ಅದು.

"ಅಯ್ಯೋ ಕಳ್ಳಾ, ನೀನು ಹೀಗಿದ್ಯಾ?"

ಈಗ ನನಗೆ ಕಾಣುತ್ತಿದ್ದದ್ದೇ ಅವರು ಇಷ್ಟು ವರ್ಷ ಕಂಡದ್ದು. ತಾವು ಎತ್ತಿ ಹಿಡಿದ ಗೊಂಬೆಯ ಮುಖವನ್ನು ಅವರು ಒಮ್ಮೆಯೂ ನೋಡಿರಲಿಲ್ಲ. ಎತ್ತಿದಾಗ ಬೆನ್ನು, ಇಳಿಸಿದಾಗ ಬಟ್ಟೆ. ಸಾವಿರಾರು ಮಕ್ಕಳು ಕಂಡ ಆ ನೋಟವನ್ನು, ಗೊಂಬೆ ಆಡಿಸಿದವರೇ ಇವತ್ತು ಮೊದಲ ಸಲ ನೋಡುತ್ತಿದ್ದರು. ತೋಳು ನೋಯುತ್ತಿತ್ತು, ಇಳಿಸುವ ಮಾತೇ ಇರಲಿಲ್ಲ. ಹೀಗೆ ಸುಖವಾಗಿ ತೋಳು ನೋಯಿಸಿಕೊಂಡದ್ದು ನನಗೆ ನೆನಪಿಲ್ಲ.

"ನನ್ನನ್ನೇ ನೋಡ್ತಾನೆ ಕಣೇ" ಎಂದರು ಅತ್ತೆ. ಆಮೇಲೆ ಮೂಗು ಸೀಟಿಕೊಂಡು, "ಮೇಷ್ಟ್ರಿಗೆ ಗೊತ್ತಿತ್ತು. ಬಾಯಿಬಿಟ್ಟು ಹೇಳಿದ್ರೆ ಏನು ಹೋಗ್ತಿತ್ತು ಆ ಮುದುಕಂಗೆ!" ಎಂದರು.

ಫೋಟೋ ಕೊನೆಗೂ ಬಂತು. ಪರದೆಯ ಮೇಲಿಂದ ತಾತ ಇಣುಕುತ್ತಾನೆ, ಫೋನು ಹಿಡಿದವರ ಕಣ್ಣಲ್ಲಿ ಕಣ್ಣಿಟ್ಟು. ಅಪ್ಪಟ ಹತ್ತಿ, ಗಟ್ಟಿ ಹೊಲಿಗೆ ಎಲ್ಲ ಕೆಳಕ್ಕೆ ತಳ್ಳಿದೆ. ಅತ್ತೆ ಹೇಳಿದ್ದನ್ನು ಮೇಲೆ ಬರೆದೆ: 'ಇವನಿಗೆ ಎಲ್ಲರ ಮನೆಯ ಸುದ್ದಿ ಬೇಕು. ಗುಟ್ಟು ಹೇಳಿದರೆ ಉಳಿಸಿಕೊಳ್ಳುವುದಿಲ್ಲ. ಇವನನ್ನು ತಲೆಯ ಮೇಲೆ ಎತ್ತಿ ಹಿಡಿಯಿರಿ, ಮಕ್ಕಳನ್ನು ಕೆಳಗೆ ಕೂರಿಸಿ.'

ಎರಡು ದಿನ ಯಾರ ಸುಳಿವೂ ಇಲ್ಲ. ಮೂರನೆಯ ದಿನ ಲೈಬ್ರರಿಯಲ್ಲಿ ಮಕ್ಕಳಿಗೆ ಕಥೆ ಓದುವ ಒಬ್ಬಾಕೆ ಬರೆದರು: 'ಈ ತಾತ ನನ್ನನ್ನು ನೋಡಿದ ಮೇಲೆ ಬೇರೆ ಯಾವುದನ್ನೂ ನೋಡಲು ಬಿಡುತ್ತಿಲ್ಲ. ಕಳಿಸಿಕೊಡಿ.' ನಾನು ಕುಣಿಯುವುದೊಂದು ಬಾಕಿ. ಓಡಿ ಹೋಗಿ ಅತ್ತೆಗೆ ಓದಿ ಹೇಳಿದೆ.

ಅತ್ತೆಯ ಮುಖ ಊದಿಕೊಂಡಿತು. "ಅವನನ್ನ ಕೊಡಲ್ಲ."

"ಅತ್ತೆ!"

"ಈಗ ತಾನೆ ಮುಖ ಪರಿಚಯ ಆಗಿದೆ, ಆಗಲೇ ಕಳಿಸು ಅಂದ್ರೆ? ಅವರಿಗೆ ಬೇರೆ ಮಾಡಿಕೊಡ್ತೀನಿ, ಸ್ವಲ್ಪ ದಿನ ತಡ ಆಗುತ್ತೆ ಅಂತ ಬರಿ. ನಿಂತ್ಕೊಂಡು ಏನು ನೋಡ್ತೀಯ, ಆ ಪಿನ್ನಿನ ಡಬ್ಬಿ ತಾ."

ಬಟ್ಟೆ ಕತ್ತರಿಸಿ, ತಲೆ ತುಂಬಿ, ಮೂಗು ಹೊಲಿದು ಮುಗಿಸುವಷ್ಟರಲ್ಲಿ ಅತ್ತೆ ನನ್ನ ಅಡುಗೆಗೆ ಎರಡು ಸಲ ಮೂಗು ಮುರಿದರು. ಕಣ್ಣಿನ ಸರದಿ ಬಂದಾಗ ಈ ಸಲ ಮೇಷ್ಟ್ರ ಅಳತೆ ನಂಬಲಿಲ್ಲ. ನನ್ನನ್ನು ಪರದೆಯ ಹಿಂದೆ ನಿಲ್ಲಿಸಿದರು. ಹೊಸ ತಾತನ ಬಿಳಿಗಣ್ಣಿಗೆ ಗುಡ್ಡೆಯ ಬದಲು ಕಪ್ಪುತಲೆಯ ಗುಂಡುಪಿನ್ನು ಚುಚ್ಚಿ ನಾನು ಎತ್ತಬೇಕು, ದಿಂಬಿನ ಮೇಲೆ ಕೂತು ಅವರು ನೋಡಬೇಕು. ಇನ್ನೂ ಸ್ವಲ್ಪ ಕೆಳಗೆ. ಅಷ್ಟಲ್ಲ. ಎಡಗಣ್ಣು ಎಲ್ಲಿಗೋ ಹೋಯ್ತು, ವಾಪಸ್ ಕರ್ಕೊಂಡು ಬಾ. ಎತ್ತಿ ಇಳಿಸಿ, ಎತ್ತಿ ಇಳಿಸಿ ನನ್ನ ಭುಜ ಬಿದ್ದುಹೋಯಿತು.

"ಅತ್ತೆ, ಸಾಕಲ್ವಾ? ಕೈ ಸತ್ತೋಯ್ತು."

"ಸುಮ್ನೆ ಹಿಡ್ಕೊಳ್ಳೇ. ಇನ್ನೂ ನನ್ನನ್ನ ನೋಡಿಲ್ಲ ಅವನು."