ಸ್ವಲ್ಪ ಹಿಂದಿನಿಂದ

ಕೇಳುವ ಪುಸ್ತಕಗಳ ಗ್ರಂಥಾಲಯದಲ್ಲಿ ಸರ್ವರ್ ನೋಡಿಕೊಳ್ಳುವ ಕೆಲಸ ಆ ಮನೆಯಲ್ಲಿ ಮಾವನಿಂದ ಸೊಸೆಗೆ ಬಂದದ್ದು. ಹಾಗೆಂದು ಅದು ಮನೆತನದ ಹುದ್ದೆಯೇನಲ್ಲ. ಮಾವ ನಿವೃತ್ತರಾಗಿ ಎರಡು ವರ್ಷವಾದ ಮೇಲೆ ಜಾಗ ಮತ್ತೆ ಖಾಲಿಯಾಯಿತು. ಸೊಸೆ ಅರ್ಜಿ ಹಾಕಿದಳು, ಪರೀಕ್ಷೆ ಬರೆದಳು, ಆಯ್ಕೆಯಾದಳು. ಮಾವ ಯಾರಿಗೂ ಒಂದು ಮಾತು ಹೇಳಿರಲಿಲ್ಲ. ಹೇಳುವ ಜಾತಿಯ ಮನುಷ್ಯರೂ ಅಲ್ಲ. ಕಚೇರಿಯವರು ಬೆನ್ನ ಹಿಂದೆ ಅವರನ್ನು ರೂಲುದೊಣ್ಣೆ ಎಂದು ಕರೆಯುತ್ತಿದ್ದರು. ಅವರು ಕೂತದ್ದು ನೆಟ್ಟಗೆ, ನಡೆದದ್ದು ನೆಟ್ಟಗೆ, ಇನ್ನೊಬ್ಬರು ಸೊಟ್ಟಗೆ ಮಾಡಿದರೆ ತಡೆದುಕೊಳ್ಳುವುದು ಅವರಿಂದಾಗದು.

ಗ್ರಂಥಾಲಯಕ್ಕೆ ಸುಮಾರು ಏಳುನೂರು ಕೇಳುಗರಿದ್ದರು. ಹೆಚ್ಚಿನವರು ಕಣ್ಣು ಕಾಣದವರು, ಉಳಿದವರು ಅಕ್ಷರ ಮಸುಕಾದ ವಯಸ್ಸಾದವರು. ಮನೆಯಲ್ಲೇ ಕೂತು ಗುಂಡಿ ಒತ್ತಿದರೆ ಸರ್ವರ್ ಅವರ ಪುಸ್ತಕವನ್ನು ಹುಡುಕಿ, ನಿಲ್ಲಿಸಿದ ಜಾಗದಿಂದ ಓದಿಸುತ್ತಿತ್ತು. ಇದನ್ನೆಲ್ಲ ಮಾಡುವ ಪ್ರೋಗ್ರಾಮ್ ಮಾವನೇ ಬರೆದದ್ದು. ಎಷ್ಟು ಗಟ್ಟಿಯಾಗಿ ಬರೆದಿದ್ದರೆಂದರೆ, ಏಳು ವರ್ಷದಲ್ಲಿ ಸೊಸೆಗೆ ಅದರ ಮೈ ಮುಟ್ಟುವ ಪ್ರಸಂಗವೇ ಬಂದಿರಲಿಲ್ಲ.

ಆದರೆ ಯಂತ್ರಕ್ಕೆ ವಯಸ್ಸಾಯಿತು. ಬಿಡಿಭಾಗ ಸಿಗುವುದು ನಿಂತುಹೋಯಿತು. ಹೊಸ ಸರ್ವರ್ ಬಂತು. ಸೊಸೆ ಕಚೇರಿಯ ಮೂಲ ಭಂಡಾರದಿಂದ, ಎಂದರೆ ಮನುಷ್ಯರು ಓದುವಂತೆ ಬರೆದ ಕೋಡನ್ನು ಜೋಪಾನವಾಗಿಟ್ಟಿರುವ ಕಡೆಯಿಂದ, ಮಾವನ ಪ್ರೋಗ್ರಾಮನ್ನು ಇಳಿಸಿಕೊಂಡಳು. ಯಂತ್ರಕ್ಕೆ ಅರ್ಥವಾಗುವಂತೆ ಹೊಸದಾಗಿ ಕಂಪೈಲ್ ಮಾಡಿದಳು. ಹಾಗೆ ತಯಾರಾದ ಇನ್ನೂರ ಹದಿನಾಲ್ಕು ಸಣ್ಣ ಫೈಲುಗಳನ್ನು ಬೇಕಾದ ಸಾಮಗ್ರಿಯ ಜೊತೆ ಒಂದೇ ಗಂಟಿನಲ್ಲಿ ಕಟ್ಟಿ ಹೊಸ ಸರ್ವರಿನ ಫೋಲ್ಡರಿಗೆ ಹಾಕಿದಳು. ಸರ್ವರ್ ತಾನೇ ಗಂಟು ಬಿಚ್ಚಿಕೊಂಡು, ಒಂದು ಚಕಾರವನ್ನೂ ಎತ್ತದೆ ಓಡತೊಡಗಿತು. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಕೇಳುಗರೆಲ್ಲ ಹೊಸದಕ್ಕೆ ಬಂದರು. ಮೊದಲ ಸಲವೇ ಎಲ್ಲ ಸರಿಯಾಯಿತಲ್ಲ ಎಂದು ಅವಳಿಗೇ ಅನುಮಾನ ಬಂದು ಮೂರು ಸಲ ಪರೀಕ್ಷೆ ಮಾಡಿ ನೋಡಿದಳು. ಎಲ್ಲ ಸರಿಯಾಗಿಯೇ ಇತ್ತು.

ಮೊದಲ ತಕರಾರು ಬಂದದ್ದು ಮನೆಯಿಂದಲೇ. ಅತ್ತೆಗೆ ಹತ್ತು ವರ್ಷದಿಂದ ಕಣ್ಣಿಗೆ ಬರೀ ನೆರಳು. ಮಧ್ಯಾಹ್ನ ಊಟವಾದ ಮೇಲೆ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂತರೆ ಸಂಜೆಯವರೆಗೆ ಅವರದೇ ಲೋಕ. ಆ ದಿನ ಸೊಸೆ ಮನೆಗೆ ಬರುವುದನ್ನೇ ಕಾಯುತ್ತಿದ್ದವರು, "ನಿನ್ನ ಹೊಸ ಯಂತ್ರಕ್ಕೆ ಮಾತಿನ ಮಧ್ಯೆ ಬಾಯಿ ಹಾಕೋ ಚಾಳಿ ಇದೆ ನೋಡು," ಎಂದರು. ಏನಾಯಿತೆಂದು ಕೇಳಿದರೆ ಸರಿಯಾಗಿ ವಿವರಿಸಲು ಅವರಿಂದಾಗಲಿಲ್ಲ. ಗುಂಡಿ ತಪ್ಪಿ ಒತ್ತಿರಬೇಕೆಂದು ಸೊಸೆ ಸಮಾಧಾನ ಹೇಳಿದಳು. ಪಕ್ಕದಲ್ಲೇ ಕೂತಿದ್ದ ಮಾವ ಲೋಟ ಕೆಳಗಿಟ್ಟು, ಗಿಡಕ್ಕೆ ನೀರು ಹಾಕಬೇಕೆಂದು ಎದ್ದುಹೋದರು. ಬೆಳಿಗ್ಗೆಯಷ್ಟೇ ಹಾಕಿದ್ದರು.

ಮಂಗಳವಾರ ಮೂರು ಕರೆ ಬಂದವು. ಬುಧವಾರ ಹನ್ನೊಂದು. ಎಲ್ಲರದೂ ಒಂದೇ ಹಾಡು, ಆದರೆ ಯಾರಿಗೂ ಬಿಡಿಸಿ ಹೇಳಲು ಬಾರದು. ಕೊನೆಗೆ ಅದನ್ನು ಬಿಡಿಸಿಟ್ಟದ್ದು ಹಿಂದೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದ ಒಬ್ಬ ಮುದುಕಿ. ಮೂವತ್ತು ವರ್ಷ ಜನರ ಮಾತನ್ನು ಮಾತಿಗೆ ಜೋಡಿಸಿದ ಹೆಂಗಸು. ಎಲ್ಲಿ ಎಳೆ ತಪ್ಪಿತೆಂದು ಆಕೆಗೆ ಗೊತ್ತಾಗದೆ ಇರುತ್ತದೆಯೇ?

"ನೋಡಮ್ಮ, ಮೊದಲು ನಾನು ನಿಲ್ಲಿಸಿದ ಜಾಗಕ್ಕಿಂತ ಸ್ವಲ್ಪ ಹಿಂದಿನಿಂದ ಶುರುವಾಗ್ತಿತ್ತು. ಪಕ್ಕದಲ್ಲಿ ಯಾರೋ ಕೂತು, ನಾವು ಎಲ್ಲಿದ್ವಿ ಹೇಳಿ ಅಂತ ನೆನಪು ಮಾಡಿಕೊಟ್ಟ ಹಾಗೆ. ಈಗ ಅರ್ಧ ಪದದಿಂದ ಶುರುವಾಗುತ್ತೆ. ಯಾರು ಯಾರಿಗೆ ಹೇಳ್ತಿದಾರೆ ಅಂತಲೇ ಗೊತ್ತಾಗಲ್ಲ."

ಸೊಸೆ ಮೂಲ ಕೋಡು ತೆರೆದು ಸಾಲುಸಾಲಾಗಿ ಓದಿದಳು. ಹಿಂದಕ್ಕೆ ಹೋಗುವ ಮಾತೇ ಅಲ್ಲಿರಲಿಲ್ಲ. ನಿಲ್ಲಿಸಿದ ಸೆಕೆಂಡು ಯಾವುದೋ ಅದೇ ಸೆಕೆಂಡಿನಿಂದ ಶುರುಮಾಡು ಎಂದು ಖಡಾಖಂಡಿತವಾಗಿ ಬರೆದಿತ್ತು. ಹಾಗಾದರೆ ಹದಿನಾಲ್ಕು ಜನಕ್ಕೂ ಒಟ್ಟಿಗೆ ಭ್ರಮೆಯೇ? ಪುಣ್ಯಕ್ಕೆ ಹಳೆಯ ಯಂತ್ರವನ್ನು ಇನ್ನೂ ಆರಿಸಿರಲಿಲ್ಲ. ಅದರೊಳಗೆ ಹೊಕ್ಕು, ಅಲ್ಲಿ ಬಿಚ್ಚಿಕೊಂಡಿದ್ದ ಗಂಟಿನ ಇನ್ನೂರ ಹದಿನಾಲ್ಕು ಫೈಲುಗಳನ್ನು ತನ್ನವುಗಳ ಪಕ್ಕಕ್ಕಿಟ್ಟು ನೋಡಿದಳು. ಹಳೆಯವುಗಳಲ್ಲಿ ಇನ್ನೂರ ಹದಿಮೂರಕ್ಕೆ ಒಂದೇ ತಾರೀಖು. ಒಂದಕ್ಕೆ ಮಾತ್ರ ಬೇರೆ: ಒಂಬತ್ತು ವರ್ಷದ ಹಿಂದಿನ ಒಂದು ಶುಕ್ರವಾರ, ಸಂಜೆ ನಾಲ್ಕೂ ಮುಕ್ಕಾಲು.

ಆ ತಾರೀಖು ಅವಳಿಗೆ ಬಾಯಿಪಾಠ. ಅದು ಮಾವ ನಿವೃತ್ತರಾದ ದಿನ. ಐದು ಗಂಟೆಗೆ ಬೀಳ್ಕೊಡುಗೆ ಇತ್ತು. ಅತ್ತೆಯ ಕೈ ಹಿಡಿದು ಕರೆದುಕೊಂಡು ಹೋದವಳು ಅವಳೇ.

ಅವಳಿಗೆ ಮೊದಲು ಬಂದದ್ದು ಸಿಟ್ಟು. ಭಂಡಾರದಲ್ಲಿ ಇಲ್ಲದ್ದು ಸರ್ವರಿನ ಮೇಲೆ ಇರಕೂಡದು, ನಾಳೆ ಯಾರೇ ಬಂದು ಕಂಪೈಲ್ ಮಾಡಿದರೂ ಇವತ್ತಿನದೇ ಸಿಗಬೇಕು ಎಂದು ಅವಳ ಕಿವಿ ಹಿಂಡಿ ಹೇಳಿಕೊಟ್ಟವರು ಇದೇ ಮಾವ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವಳು ಅವಸರಕ್ಕೆ ಸರ್ವರಿನ ಮೇಲೆಯೇ ಸ್ವಾಗತ ಪುಟದ ಒಂದೇ ಒಂದು ಅಕ್ಷರ ತಿದ್ದಿ, ಅದನ್ನು ಮನೆಗೆ ಬಂದು ಹೆಮ್ಮೆಯಿಂದ ಹೇಳಿಕೊಂಡಿದ್ದಕ್ಕೆ ಎರಡು ದಿನ ಮಾತು ಬಿಟ್ಟಿದ್ದರು. ಅಂಥವರು, ಭಾಷಣಕ್ಕೆ ಕಾಲು ಗಂಟೆ ಇರುವಾಗ, ಯಾರ ಕಣ್ಣಿಗೂ ಬೀಳದಂತೆ ಒಂದು ಫೈಲನ್ನು ತಂದು ಹಳೆಯದರ ಜಾಗಕ್ಕೆ ಹಾಕಿದ್ದರು.

ಅವಳು ಆ ದಿನ ಬೇಗ ಮನೆಗೆ ಹೊರಟಳು. ಮಾವ ಅಡುಗೆಮನೆಯ ಮೇಜಿನ ಬಳಿ ಬಟಾಣಿ ಸುಲಿಯುತ್ತ ಕೂತಿದ್ದರು. ಸಿಪ್ಪೆಗಳು ಕೂಡ ಒಂದೇ ದಿಕ್ಕಿಗೆ ಮುಖ ಮಾಡಿ ಜೋಡಿಸಿಟ್ಟಂತಿದ್ದವು. ಹೊರಗಿನ ಕೋಣೆಯಲ್ಲಿ ಅತ್ತೆ ಹೆಡ್‌ಫೋನ್ ಹಾಕಿಕೊಂಡೇ ತೂಕಡಿಸುತ್ತಿದ್ದರು. ಸೊಸೆ ಎದುರಿಗೆ ಕೂತು ತಾನೂ ನಾಲ್ಕು ಕಾಯಿ ಸುಲಿದಳು. ಆಮೇಲೆ ಆ ತಾರೀಖು, ಹೊತ್ತು ಬರೆದಿದ್ದ ಚೀಟಿಯನ್ನು ಅವರ ಮುಂದಿಟ್ಟಳು.

"ಇದು ನಿಮ್ಮದೇ ಅಲ್ವಾ ಮಾವ?"

ಅವರು ಚೀಟಿಯ ಮೇಲೆ ತಲೆ ತಗ್ಗಿಸಿದರು. ರೂಲುದೊಣ್ಣೆ ಬಾಗಿದ್ದನ್ನು ಅವಳು ಅದೇ ಮೊದಲು ಕಂಡದ್ದು.

"ನನ್ನದೇ," ಎಂದರು. "ಸೋಮವಾರ ನಿಮ್ಮತ್ತೆ ಹೇಳಿದಾಗಲೇ ಗೊತ್ತಾಯ್ತು. ಹೇಳೋದಕ್ಕೆ ಬಾಯಿ ಬರಲಿಲ್ಲ."

ಆಮೇಲೆ ಒಂದೊಂದೇ ಹೊರಗೆ ಬಂತು. ಆ ವರ್ಷ ಅತ್ತೆಯ ಕಣ್ಣು ಪೂರಾ ಮಸುಕಾಗಿತ್ತು. ಪುಸ್ತಕ ಬಿಟ್ಟಿರಲಾರದ ಹೆಂಗಸು ಕೇಳುವುದಕ್ಕೆ ಒಗ್ಗಿಕೊಳ್ಳಲು ಪಾಡುಪಡುತ್ತಿದ್ದರು. ಜೋಂಪು ಹತ್ತುತ್ತಿತ್ತು, ಎಳೆ ತಪ್ಪುತ್ತಿತ್ತು, ಹಿಂದಕ್ಕೆ ಹೋಗುವ ಗುಂಡಿಗೆ ತಡಕಾಡಬೇಕಾಗುತ್ತಿತ್ತು. ಒಂದು ಮಧ್ಯಾಹ್ನ ಹೆಡ್‌ಫೋನ್ ಕಿತ್ತು ಮಂಚದ ಮೇಲೆ ಎಸೆದು, ಇನ್ನು ನನಗೆ ಪುಸ್ತಕದ ಋಣ ತೀರಿತು ಎಂದುಬಿಟ್ಟರು. ಮಾವ ಬಾಗಿಲಲ್ಲಿ ನಿಂತು ನೋಡಿದ್ದರು. ಮರುದಿನವೇ ಆಗಿನ ಮುಖ್ಯಸ್ಥರ ಹತ್ತಿರ ಹೋಗಿ, ಸ್ವಲ್ಪ ಹಿಂದಿನಿಂದ ಶುರುವಾಗುವ ಹಾಗೆ ಮಾಡೋಣವೇ ಎಂದು ಕೇಳಿದ್ದರು. ಈ ವರ್ಷದ ಪಟ್ಟಿಯಲ್ಲಿ ಇಲ್ಲ ಎಂದರು. ಎರಡನೇ ಸಲ ಬರೆದುಕೊಟ್ಟರು. ಮುಂದಿನ ವರ್ಷ ನೋಡೋಣ ಎಂದರು. ಮಾವನಿಗೆ ಮುಂದಿನ ವರ್ಷವೇ ಇರಲಿಲ್ಲ.

"ಮೂರು ಭಾನುವಾರ ಮನೆಯಲ್ಲೇ ಕೂತು ಬರೆದೆ. ಹಾಕಿದ್ದು ಇವಳಿಗೋಸ್ಕರ. ಏಳುನೂರು ಜನಕ್ಕೋಸ್ಕರ ಅಂತ ನಿನ್ನ ಹತ್ತಿರ ಸುಳ್ಳು ಹೇಳಲಾರೆ."

"ಮೂಲ ಕೋಡನ್ನ ಭಂಡಾರಕ್ಕೆ ಯಾಕೆ ಹಾಕಲಿಲ್ಲ?"

"ಸೋಮವಾರ ಹಾಕೋಣ ಅಂದುಕೊಂಡೆ." ಅವರು ಕೈಯಲ್ಲಿದ್ದ ಬಟಾಣಿಯನ್ನೇ ತಿರುಗಿಸುತ್ತಿದ್ದರು. "ಸೋಮವಾರ ನನಗೆ ಕೆಲಸ ಇರೋದಿಲ್ಲ ಅನ್ನೋದೇ ಮರೆತುಹೋಗಿತ್ತಮ್ಮ. ಬೆಳಿಗ್ಗೆ ಷರ್ಟು ಹಾಕಿಕೊಂಡು ಬಾಗಿಲವರೆಗೂ ಹೋಗಿದ್ದೆ."

ಸೊಸೆಗೆ ನಗು ತಡೆಯಲಾಗಲಿಲ್ಲ. ಮಾವ ಮುಖ ಗಂಟಿಕ್ಕಿದರು. ಆಮೇಲೆ ಅವರ ತುಟಿಯ ಅಂಚೂ ಸಡಿಲವಾಯಿತು. ಅವರು ಬರೆದದ್ದು ಮನೆಯ ಕಂಪ್ಯೂಟರಿನಲ್ಲೇ ಇತ್ತು. ಅದು ಎರಡು ವರ್ಷಕ್ಕೆ ಕೆಟ್ಟು ಹೋದಾಗ ಜೊತೆಗೇ ಹೋಯಿತು. ಉಳಿದಿರುವುದು ಯಂತ್ರ ಓದುವ ಆ ಒಂದು ಫೈಲು ಮಾತ್ರ.

ಅದನ್ನೇ ಎತ್ತಿ ಹೊಸ ಗಂಟಿಗೆ ಸೇರಿಸಿದರೆ ಹೊಸ ಸರ್ವರಿನಲ್ಲೂ ಓಡುತ್ತದೆ, ಐದು ನಿಮಿಷದ ಕೆಲಸ ಎಂದಳು ಸೊಸೆ. ಮಾವ ಬೇಡವೆಂದು ತಲೆ ಅಲ್ಲಾಡಿಸಿದರು. ತಾನು ಮಾಡಿದ ತಪ್ಪನ್ನು ಅವಳ ಕೈಯಿಂದಲೂ ಮಾಡಿಸಲಾರೆ ಎಂದರು. ಅವಳು ಕಾದಿದ್ದದ್ದು ಅದೇ ಉತ್ತರಕ್ಕೆ.

ಗುರುವಾರ ಅವಳು ಈಗಿನ ಮುಖ್ಯಸ್ಥೆಯ ಬಳಿ ಹೋಗಿ ಏನನ್ನೂ ಮುಚ್ಚಿಡದೆ ಹೇಳಿದಳು. ಅವರು ಕೇಳಿದ್ದು ಒಂದೇ ಪ್ರಶ್ನೆ: ನಾಳೆ ಊಟದ ಹೊತ್ತಿನೊಳಗೆ ಆದೀತೇ? ಕೇಳುಗರು ಹೆಚ್ಚಾಗಿ ಕೂರುವುದು ಊಟದ ಮೇಲೆಯೇ. ಆಗುತ್ತದೆ ಎಂದು ಬಂದವಳು, ಯಂತ್ರದ ಭಾಷೆಯನ್ನು ಅರೆಬರೆ ಮನುಷ್ಯರ ಭಾಷೆಗೆ ಬಿಡಿಸಿ ತೋರಿಸುವ ಸಾಧನಕ್ಕೆ ಆ ಫೈಲನ್ನು ಕೊಟ್ಟಳು.

ಒಂದು ಅಂಕಿ ಸಿಗುತ್ತದೆಂದು ಅವಳು ಅಂದುಕೊಂಡಿದ್ದಳು. ನಾಲ್ಕು ಸಿಕ್ಕವು. ಕೇಳುಗ ಒಂದು ಗಂಟೆಯೊಳಗೆ ಮರಳಿದರೆ ಐದು ಸೆಕೆಂಡು ಹಿಂದಕ್ಕೆ. ಮರುದಿನ ಬಂದರೆ ಅರ್ಧ ನಿಮಿಷ. ವಾರ ಬಿಟ್ಟು ಬಂದರೆ ಎರಡು ನಿಮಿಷ. ತಿಂಗಳ ಮೇಲಾಗಿದ್ದರೆ ಆ ಅಧ್ಯಾಯದ ಮೊದಲಿನಿಂದ. ಎಷ್ಟು ದಿನ ದೂರವಿದ್ದರೋ ಅಷ್ಟು ಹಿಂದಿನಿಂದ ಕೈ ಹಿಡಿದು ಕರೆದುಕೊಂಡು ಬರುವಂತೆ ಬರೆದಿತ್ತು. ಏಳು ವರ್ಷ ಒಂದೇ ಸೂರಿನಡಿ ಒಂದೇ ಕಸುಬಿನ ಮಾತಾಡಿದ್ದರೂ ಮಾವನಲ್ಲಿ ಇಷ್ಟು ಮೆತ್ತಗಿನ ಜಾಗವೊಂದಿದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಪರದೆಯ ಮೇಲಿನ ಅಂಕಿಗಳು ಸ್ವಲ್ಪ ಹೊತ್ತು ಕಲಸಿಹೋದವು. ಮುಖ ತೊಳೆದುಕೊಂಡು ಬಂದು ಬರೆಯಲು ಕೂತಳು.

ಸಂಜೆ ಆ ಅಂಕಿಗಳನ್ನು ಹೇಗೆ ಹುಡುಕಿದಿರಿ ಎಂದು ಕೇಳಿದಳು. ಮಾವ ಉತ್ತರಿಸುವ ಮೊದಲೇ ಅತ್ತೆ ಬಾಯಿ ಹಾಕಿದರು.

"ನಾನು ಹಿಂದಕ್ಕೆ ಹೋಗೋ ಗುಂಡಿ ಒತ್ತೋದನ್ನ ಎಣಿಸ್ತಿದ್ದರು. ನಿದ್ದೆ ಬಂದವರ ಹಾಗೆ ಪಕ್ಕದಲ್ಲಿ ಕೂತು. ಕಣ್ಣು ಕಾಣಲ್ಲ ಅಂದಮಾತ್ರಕ್ಕೆ ನನಗೆ ಗೊತ್ತಾಗಲ್ವಾ?"

"ಗೊತ್ತಿದ್ದೂ ಸುಮ್ಮನಿದ್ದೆಯಾ?" ಎಂದರು ಮಾವ.

"ಕೇಳಿದ್ದರೆ ನಿಲ್ಲಿಸಿಬಿಡ್ತಿದ್ರಿ."

ಶುಕ್ರವಾರ ಸೊಸೆ ಮಾವನನ್ನು ಕಚೇರಿಗೆ ಕರೆದುಕೊಂಡು ಹೋದಳು. ಒಂಬತ್ತು ವರ್ಷದ ಮೇಲೆ ಅವರು ಆ ಮೆಟ್ಟಿಲು ಹತ್ತಿದ್ದು. ಬಾಗಿಲಲ್ಲಿ ಸಂದರ್ಶಕರ ಪುಸ್ತಕಕ್ಕೆ ಸಹಿ ಹಾಕುವಾಗ, ಬಂದ ಕಾರಣ ಎಂಬ ಕಾಲಮಿನ ಮುಂದೆ ಪೆನ್ನು ಹಿಡಿದು ನಿಂತುಬಿಟ್ಟರು. ಕೊನೆಗೆ "ಬಾಕಿ ಕೆಲಸ" ಎಂದು ದುಂಡಗೆ ಬರೆದರು.

ಅವಳು ಬರೆದ ಪ್ರತಿ ಸಾಲನ್ನೂ ಅವರು ಬೆರಳಿಟ್ಟು ಓದಿದರು. ಒಂದು ಕಡೆ ಬೆರಳು ನಿಂತಿತು. ಪುಸ್ತಕ ಶುರುವಾಗಿ ಇಪ್ಪತ್ತೇ ಸೆಕೆಂಡಿಗೆ ನಿಲ್ಲಿಸಿದವನು ಮರುದಿನ ಬಂದರೆ, ಅರ್ಧ ನಿಮಿಷ ಹಿಂದಕ್ಕೆ ಹೋಗುವುದು ಎಲ್ಲಿಗೆ ಎಂದು ಕೇಳಿದರು. ಅವಳು ನಾಲಿಗೆ ಕಚ್ಚಿಕೊಂಡು, ಮೊದಲಿಗಿಂತ ಹಿಂದೆ ಹೋಗದಂತೆ ಇನ್ನೊಂದು ಸಾಲು ಸೇರಿಸಿದಳು. ಭಂಡಾರಕ್ಕೆ ಹಾಕುವಾಗ, ಈ ಬದಲಾವಣೆ ಮಾಡಿದವರು ಯಾರು, ಯಾವ ಶುಕ್ರವಾರ ಮಾಡಿದರು, ಇವತ್ತು ಇದು ಯಾಕೆ ಬರುತ್ತಿದೆ ಎಂದು ಇದ್ದದ್ದು ಇದ್ದ ಹಾಗೆ ಟಿಪ್ಪಣಿ ಬರೆದಳು. ಮಾವ ಅದನ್ನೂ ಓದಿದರು. ಕನ್ನಡಕ ತೆಗೆದು ಒರೆಸಿಕೊಂಡರು.

ಹನ್ನೊಂದೂವರೆಗೆ ಕಂಪೈಲ್ ಮಾಡಿ ಗಂಟು ಕಟ್ಟಿದಳು. ಸರ್ವರ್ ನಿಲ್ಲಿಸಿ, ಹಿಂದೆ ಬಿಚ್ಚಿದ್ದ ಗಂಟಿನ ಫೋಲ್ಡರನ್ನು ಚೂರೂ ಉಳಿಯದಂತೆ ಅಳಿಸಿದಳು. ಹೊಸದನ್ನು ಹಾಕಿ ಮತ್ತೆ ಶುರುಮಾಡಿದಳು. ಪರದೆಯ ಮೇಲೆ ಸಾಲುಗಳು ಹರಿಯತೊಡಗಿದವು. ಸರ್ವರ್ ಸಿದ್ಧ ಎಂಬ ಸಾಲು ಬಂದಾಗ ಮಾವ, ತಮ್ಮ ಕಾಲದಲ್ಲಿ ಇದಕ್ಕೆ ಆರು ನಿಮಿಷ ಹಿಡಿಯುತ್ತಿತ್ತು, ಆ ಹೊತ್ತಿನಲ್ಲಿ ಒಂದು ಕಾಫಿ ಆಗುತ್ತಿತ್ತು ಎಂದರು. ಈಗ ನಲವತ್ತು ಸೆಕೆಂಡೂ ಆಗಿರಲಿಲ್ಲ. ಆದರೂ ಸೊಸೆ ಎದ್ದು ಹೋಗಿ ಎರಡು ಲೋಟ ಕಾಫಿ ತಂದಳು.

ಎರಡು ಗಂಟೆಗೆ ಆಪರೇಟರ್ ಮುದುಕಿ ತಾವೇ ಕರೆ ಮಾಡಿ, ಎಳೆ ಸಿಕ್ಕಿತು ಎಂದು ಹೇಳಿ, ಪುಸ್ತಕ ಕಾಯುತ್ತಿದೆಯೆಂದು ಅವಸರದಿಂದ ಫೋನಿಟ್ಟರು.

ಮನೆಗೆ ಬಂದಾಗ ಅತ್ತೆ ಕಿವಿಯಿಂದ ಹೆಡ್‌ಫೋನ್ ತೆಗೆದರು. ಎಲ್ಲ ಮೊದಲಿನ ಹಾಗೇ ಆಗಿದೆ ಎಂದು ಒಪ್ಪಿಕೊಂಡರು. ಆದರೆ ಓದುವವರು ಕೆಮ್ಮಿದ್ದೂ ಕೇಳಿಸುತ್ತದೆ, ಅದನ್ನು ತೆಗೆಯುವ ಹಾಗೆ ಏನಾದರೂ ಬರೆಯಬಾರದೇ ಎಂದು ಗಂಡನ ಕಡೆ ತಿರುಗಿ ಕೇಳಿದರು.

"ನಾನು ನಿವೃತ್ತ," ಎಂದರು ಮಾವ. "ಕಚೇರಿಗೆ ಬರೆದುಕೊಡು."

ಅತ್ತೆ ಸೊಸೆಯ ಕಡೆ ಕೈಚಾಚಿದರು. ಅವಳು ಆ ಕೈ ಹಿಡಿದುಕೊಂಡು ಪಕ್ಕದಲ್ಲಿ ಕೂತಳು, ಎಲ್ಲೆಲ್ಲಿ ಕೆಮ್ಮು ಬರುತ್ತದೆ ಹೇಳಿ ಎಂದು ಕಾಗದ ತೆಗೆದುಕೊಂಡಳು.